ಗುಡಿ ಬಿಟ್ಟವರು ಕಟ್ಟಿದ ಮನೆ

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಹಿರಿಯ ಅಧ್ಯಾಪಕರೊಬ್ಬರು ಕಾಲವಾದರು. ದೇವರನ್ನಾಗಲಿ ಪರಲೋಕವನ್ನಾಗಲಿ ನಂಬಿದವರಲ್ಲ; ನಂಬುವವರನ್ನು ಹೀಯಾಳಿಸಿದವರೂ ಅಲ್ಲ. ತಮ್ಮ ದೇಹಕ್ಕೆ ಮಂತ್ರ, ತರ್ಪಣ, ಪಿಂಡ ಯಾವುದೂ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಮಕ್ಕಳು ತಂದೆಯ ಮಾತನ್ನು ನಡೆಸಿದರು. ರುದ್ರಭೂಮಿಯಲ್ಲಿ ನಾವು ಮೂವತ್ತು ನಲವತ್ತು ಮಂದಿ, ಶಿಷ್ಯರು, ಸಹೋದ್ಯೋಗಿಗಳು, ನೆರೆಹೊರೆಯವರು, ಚಿತೆಯ ಸುತ್ತ ನಿಂತಿದ್ದೆವು. ಯಾರೂ ಏನೂ ಹೇಳಲಿಲ್ಲ. ಕೈಗಳನ್ನು ಮುಂದೆ ಕಟ್ಟಿಕೊಳ್ಳಬೇಕೋ ಹಿಂದೆ ಕಟ್ಟಿಕೊಳ್ಳಬೇಕೋ ಎಂಬುದೂ ನಮಗೆ ತಿಳಿಯದಾಯಿತು. ಸೌದೆ ಜೋಡಿಸಿದ್ದ ಮುದುಕನು ಸ್ವಲ್ಪ ಹೊತ್ತು ನಮ್ಮ ಮುಖಗಳನ್ನೇ ನೋಡುತ್ತಿದ್ದು, "ಶಾಸ್ತ್ರ ಏನೂ ಇಲ್ಲವಾ ಸ್ವಾಮಿ?" ಎಂದು ಕೇಳಿದನು. ಹಿರಿಯ ಮಗನು ಇಲ್ಲವೆಂದನು. ಚಿತೆ ಹೊತ್ತಿಕೊಂಡಿತು. ನಾವು ಮನೆಗೆ ಬಂದೆವು.

ಇದರಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ತೀರಿಕೊಂಡವರ ಇಚ್ಛೆ ನೆರವೇರಿತು. ಆದರೂ ಮೂವತ್ತು ವರ್ಷಕ್ಕೂ ಮಿಕ್ಕು ಮಾತಿನಿಂದಲೇ ಬಾಳಿದ ಮನುಷ್ಯನನ್ನು ಒಂದು ಮಾತೂ ಇಲ್ಲದೆ ಕಳುಹಿಸಿಕೊಟ್ಟೆವಲ್ಲ ಎಂಬ ಕೊರಗು ಬಹುದಿನ ನಮ್ಮನ್ನು ಬಿಡಲಿಲ್ಲ. ಇಂದು ನಾವು ಎತ್ತಿಕೊಂಡಿರುವ ವಿಷಯಕ್ಕೆ ಆ ಸಂಜೆಯೇ ಮೂಲ.

ದೇವರು ಇದ್ದಾನೆಯೇ ಇಲ್ಲವೇ ಎಂಬ ವಾದ ನಮ್ಮ ದೇಶಕ್ಕೆ ಹೊಸದಲ್ಲ. ಲೋಕಾಯತರು ಅದನ್ನು ಎತ್ತಿದರು. ನಿರೀಶ್ವರ ಸಾಂಖ್ಯರು ತಮ್ಮ ದರ್ಶನದಲ್ಲಿ ಈಶ್ವರನಿಗೆ ಸ್ಥಾನ ಕೊಡಲಿಲ್ಲ. ಆ ವಾದದ ಜಯಾಪಜಯಗಳನ್ನು ನಿರ್ಣಯಿಸುವ ಹೊಣೆಯನ್ನು ನಾವು ಹೊರತಕ್ಕವರಲ್ಲ. ನಂಬಿಕೆಯನ್ನು ಬಿಟ್ಟವರು ಅನಂತರ ಒಬ್ಬರೊಡನೊಬ್ಬರು ಹೇಗೆ ಬಾಳಿದರು, ಮಗು ಹುಟ್ಟಿದಾಗ, ಮದುವೆಯಾದಾಗ, ಮನೆಯಲ್ಲಿ ಸಾವಾದಾಗ ಯಾರು ಬಂದರು, ಬಂದವರು ಏನು ಮಾಡಿದರು ಎಂಬುದಷ್ಟೇ ನಮ್ಮ ಪ್ರಶ್ನೆ. ಸೃಷ್ಟಿಕರ್ತನನ್ನು ಒಪ್ಪದ ಜೈನರು ಶ್ರವಣಬೆಳಗೊಳದಂಥ ಕ್ಷೇತ್ರವನ್ನು ಸಾವಿರ ವರ್ಷಕ್ಕೂ ಮಿಗಿಲಾಗಿ ಉಳಿಸಿಕೊಂಡು ಬಂದಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾತು ನಿಜ. ಆದರೆ ಅಲ್ಲಿ ಕರ್ಮ, ಜನ್ಮಾಂತರ, ಮೋಕ್ಷಗಳೆಂಬ ಕಂಬಗಳುಂಟು. ಅವುಗಳನ್ನೂ ಬಿಟ್ಟು, ಈ ಲೋಕದ ಬಾಳೊಂದನ್ನೇ ನೆಚ್ಚಿ ಕೂಡಿ ಬದುಕಲು ಹೊರಟವರ ಚರಿತ್ರೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿವರವಾಗಿ ದೊರೆಯುತ್ತದೆ. ಆದುದರಿಂದ ಮೊದಲು ಅಲ್ಲಿಗೆ ಹೋಗೋಣ.

ಆ ದೇಶದಲ್ಲಿ ಚರ್ಚಿನಿಂದ ಹೊರಗೆ ಬರುವುದೆಂದರೆ ಭಾನುವಾರದ ಪ್ರಾರ್ಥನೆಯನ್ನು ತಪ್ಪಿಸುವಷ್ಟು ಸುಲಭದ ಮಾತಾಗಿರಲಿಲ್ಲ. ಮಗುವಿನ ಹೆಸರು ದಾಖಲಾಗುತ್ತಿದ್ದುದು ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ. 1753ರ ಕಾಯಿದೆಯ ಮೇರೆಗೆ, ಕ್ವೇಕರರನ್ನೂ ಯೆಹೂದ್ಯರನ್ನೂ ಬಿಟ್ಟರೆ ಮಿಕ್ಕವರೆಲ್ಲರ ಮದುವೆ ರಾಜ್ಯದ ಅಧಿಕೃತ ಚರ್ಚಿನಲ್ಲಿಯೇ ನಡೆಯಬೇಕು. 1837ರಲ್ಲಿ ಸರ್ಕಾರದ ರಿಜಿಸ್ಟ್ರಾರರ ಕಚೇರಿಯಲ್ಲಿ ಮದುವೆಯಾಗುವ ಅವಕಾಶ ಬಂದಿತು. ಹಳ್ಳಿಯಲ್ಲಿ ಹೂಳುವ ನೆಲ ಚರ್ಚಿನ ಅಂಗಳವೇ ಆಗಿತ್ತು. ಅಲ್ಲಿ ಪಾದ್ರಿಯ ಅಧಿಕೃತ ಮಂತ್ರವಿಲ್ಲದೆ ಹೂಳಬಹುದೆಂಬ ಕಾಯಿದೆ ಬಂದದ್ದು 1880ರಲ್ಲಿ. ಆ ಕಾಯಿದೆಯಲ್ಲಿಯೂ ಒಂದು ಗಂಟಿತ್ತು: ಆಡುವ ಮಾತು ಕ್ರೈಸ್ತ ರೀತಿಯದಾಗಿರಬೇಕು, ಇಲ್ಲವೇ ಏನನ್ನೂ ಆಡಕೂಡದು. ಎಂದರೆ, ಚರ್ಚಿನ ಅಂಗಳದಲ್ಲಿ ನಾಸ್ತಿಕನಿಗೆ ಕಾಯಿದೆ ಕೊಟ್ಟದ್ದು ಮೌನವನ್ನು ಮಾತ್ರ. ನಮ್ಮ ಅಧ್ಯಾಪಕರ ಸುತ್ತ ನಿಂತಿದ್ದಾಗ ಯಾವ ಕಾಯಿದೆಯೂ ನಮ್ಮ ಬಾಯಿಯನ್ನು ಕಟ್ಟಿರಲಿಲ್ಲ. ಆದರೂ ನಾವು ಅದೇ ಮೌನಕ್ಕೆ ಬಂದು ನಿಂತೆವು.

ಈ ಚರಿತ್ರೆಯಲ್ಲಿ ಮೊದಲು ಹೇಳತಕ್ಕ ಹೆಸರು ಜಾರ್ಜ್ ಜೇಕಬ್ ಹೋಲಿಯೋಕನದು. 1817ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯ ಜೊತೆ ಎರಕದ ಕಾರ್ಖಾನೆಯಲ್ಲಿ ದುಡಿದವನು. ರಾಬರ್ಟ್ ಓವೆನ್ನನ ಅನುಯಾಯಿಗಳನ್ನು ಸೇರಿ ಊರೂರು ತಿರುಗಿ ಉಪನ್ಯಾಸ ಮಾಡುತ್ತಿದ್ದನು. ಓವೆನ್ನನ ಪಂಥದವರು 1840ರ ಸುಮಾರಿಗೆ ಕೈಗಾರಿಕೆಯ ಪಟ್ಟಣಗಳಲ್ಲಿ ವಿಜ್ಞಾನಮಂದಿರಗಳೆಂಬ ಸಭಾಭವನಗಳನ್ನು ಕಟ್ಟಿದ್ದರು. ಭಾನುವಾರ ಅಲ್ಲಿ ಉಪನ್ಯಾಸ, ಹಾಡು. ಬಿಡುವಿನ ದಿನಗಳಲ್ಲಿ ಚಹಾಕೂಟ, ನೃತ್ಯ. ಬಹುತೇಕ ಭವನಗಳು ಸಾಲದ ಹೊರೆಯಿಂದ ಹೆಚ್ಚು ಕಾಲ ಬಾಳಲಿಲ್ಲ. ಮ್ಯಾಂಚೆಸ್ಟರಿನ ಭವನ ಮಾತ್ರ ಒಳ್ಳೆಯ ಗತಿಯನ್ನು ಕಂಡಿತು: 1852ರಲ್ಲಿ ಅದು ಆ ಊರಿನ ಉಚಿತ ಗ್ರಂಥಾಲಯವಾಯಿತು.

1842ರ ಮೇ ತಿಂಗಳು ಹೋಲಿಯೋಕನು ಬರ್ಮಿಂಗ್‌ಹ್ಯಾಮಿನಿಂದ ಬ್ರಿಸ್ಟಲ್ಲಿಗೆ ನಡೆದು ಹೊರಟನು. ಅಲ್ಲಿ ದೈವನಿಂದೆಯ ಆರೋಪದ ಮೇಲೆ ಸೆರೆಯಲ್ಲಿದ್ದ ಗೆಳೆಯನನ್ನು ಕಾಣುವುದು ಅವನ ಉದ್ದೇಶ. ದಾರಿಯಲ್ಲಿ ಚೆಲ್ಟನಮ್ ಎಂಬ ಊರಿನಲ್ಲಿ ತಂಗಿ ಒಂದು ಉಪನ್ಯಾಸ ಕೊಟ್ಟನು. ವಿಷಯ, ಬಡವರು ಒಟ್ಟಾಗಿ ಕೃಷಿ ಮಾಡಿಕೊಂಡು ಬಾಳತಕ್ಕ ವಸತಿಗಳು. ಭಾಷಣ ಮುಗಿದ ಮೇಲೆ ಸಭಿಕನೊಬ್ಬನು ಎದ್ದು, ಮನುಷ್ಯರ ಕಡೆಗೆ ನಮ್ಮ ಕರ್ತವ್ಯವನ್ನೇನೋ ಹೇಳಿದಿರಿ, ದೇವರ ಕಡೆಯ ಕರ್ತವ್ಯವೆಲ್ಲಿ, ಆ ವಸತಿಗಳಲ್ಲಿ ಗುಡಿ ಇರುವುದಿಲ್ಲವೇ ಎಂದು ಕೇಳಿದನು. ಚರ್ಚುಗಳಿಗೆ ಈಗಾಗಲೇ ಕೋಟಿಗಟ್ಟಲೆ ಹಣ ಹೋಗುತ್ತಿದೆ, ಇಂಥ ಬಡಜನಕ್ಕೆ ದೇವರನ್ನು ಸಾಕುವ ಶಕ್ತಿ ಇಲ್ಲ, ಕೆಲಸವಿಲ್ಲದ ಸೇನಾಧಿಕಾರಿಗಳಿಗೆ ಮಾಡುವಂತೆ ದೇವರಿಗೂ ಅರ್ಧ ಸಂಬಳ ಗೊತ್ತುಮಾಡಬೇಕು ಎಂಬರ್ಥದ ಉತ್ತರವನ್ನು ಹೋಲಿಯೋಕನು ಕೊಟ್ಟನು. ಸಭೆ ನಕ್ಕಿರಬಹುದು, ನ್ಯಾಯಾಸ್ಥಾನ ನಗಲಿಲ್ಲ. ಗ್ಲಾಸ್ಟರಿನ ವಿಚಾರಣೆಯಲ್ಲಿ ಇಪ್ಪತ್ತೈದು ವರ್ಷದ ಆ ತರುಣನು ವಕೀಲರಿಲ್ಲದೆ ಒಂಬತ್ತು ಗಂಟೆಗೂ ಮಿಕ್ಕು ತನ್ನ ಪರವಾಗಿ ತಾನೇ ವಾದಿಸಿದನು. ಆರು ತಿಂಗಳ ಸೆರೆವಾಸ ವಿಧಿಸಲ್ಪಟ್ಟಿತು. ಅವನು ಸೆರೆಯಲ್ಲಿದ್ದಾಗ ಅವನ ಎಳೆಯ ಮಗಳು ತೀರಿಕೊಂಡಳು.

ಹೋಲಿಯೋಕನ ವಾದಕ್ಕಿಂತ ಆ ಸಭಿಕನ ಪ್ರಶ್ನೆಯೇ ನಮಗೆ ಮುಖ್ಯವಾಗಿ ತೋರುತ್ತದೆ. ಮನುಷ್ಯರು ಒಟ್ಟಿಗೆ ಬಾಳುವ ಕಡೆ ಗುಡಿ ಇಲ್ಲದಿದ್ದರೆ ಆ ಜಾಗದಲ್ಲಿ ಏನಿರುತ್ತದೆ? ವಿನೋದದ ಮಾತು ಇದಕ್ಕೆ ಉತ್ತರವಾಗಲಾರದು. ಹೋಲಿಯೋಕನಿಗೂ ಇದು ಕ್ರಮವಾಗಿ ಅರಿವಾದಂತೆ ಕಾಣುತ್ತದೆ. ಜಗಳಗಂಟ ನಾಸ್ತಿಕತನದಿಂದ ಬೇರೆಯಾದ ಒಂದು ಹೆಸರು ಬೇಕೆಂದು 1851ರಲ್ಲಿ ಅವನು ಸೆಕ್ಯುಲರಿಸಂ ಎಂಬ ಮಾತನ್ನು ಟಂಕಿಸಿದನು. ಪರಲೋಕದ ವಿಷಯ ಹೇಗೇ ಇರಲಿ, ಈ ಲೋಕದಲ್ಲಿ ಈ ಜನರ ಹಿತವನ್ನು ಈ ಲೋಕದ ಸಾಧನಗಳಿಂದಲೇ ಸಾಧಿಸುವುದು ಎಂಬುದು ಅದರ ಅರ್ಥ. ಅದೇ ಮಾತಿನಿಂದ ಹುಟ್ಟಿದ ವಿಶೇಷಣವು 1976ರಲ್ಲಿ ನಮ್ಮ ಸಂವಿಧಾನದ ಪೀಠಿಕೆಯನ್ನು ಸೇರಿತು. ಅಲ್ಲಿ ಅದರ ಅರ್ಥ ರಾಜ್ಯಕ್ಕೆ ಸಂಬಂಧಪಟ್ಟದ್ದು. ಹೋಲಿಯೋಕನಿಗೆ ಅದು ದಿನದಿನದ ಬಾಳಿಗೆ ಸಂಬಂಧಪಟ್ಟದ್ದು. ಅವನ ಉಳಿದ ಆಯುಷ್ಯದ ಬಹುಭಾಗ ಸಹಕಾರ ಸಂಘಗಳ ಪ್ರಚಾರದಲ್ಲಿ ಕಳೆಯಿತು. 1844ರಲ್ಲಿ 28 ಮಂದಿ ಕೂಡಿ ಅಂಗಡಿ ತೆರೆದ ರಾಚ್‌ಡೇಲಿನ ಚರಿತ್ರೆಯನ್ನು ಬರೆದು ಅದನ್ನು ಲೋಕಕ್ಕೆ ಪರಿಚಯಮಾಡಿಕೊಟ್ಟವನೂ ಅವನೇ. ಗುಡಿಯ ಜಾಗದಲ್ಲಿ ಕಲಬೆರಕೆಯಿಲ್ಲದ ಹಿಟ್ಟು, ಸರಿಯಾದ ತೂಕ ಎಂಬುದು ಒಂದು ಉತ್ತರವೇ ಸರಿ. ಆದರೆ ಹಿಟ್ಟಿನ ಅಂಗಡಿಯಲ್ಲಿ ಮದುವೆ ಮಾಡಲಾಗುವುದಿಲ್ಲ.

ಎರಡನೆಯವನು ಚಾರ್ಲ್ಸ್ ಬ್ರಾಡ್ಲಾ. ಇವನ ಹೆಸರನ್ನು ನಮ್ಮ ದೇಶದ ಹಳೆಯ ತಲೆಮಾರು ಚೆನ್ನಾಗಿ ಬಲ್ಲದು. 1889ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದನು, ಪಾರ್ಲಿಮೆಂಟಿನಲ್ಲಿ ಭಾರತದ ಸದಸ್ಯನೆಂದೇ ಕರೆಸಿಕೊಂಡನು. ಹುಡುಗನಾಗಿದ್ದಾಗ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದು, ಸುವಾರ್ತೆಗಳಿಗೂ ಚರ್ಚಿನ ಮತಸೂತ್ರಗಳಿಗೂ ಹೊಂದಿಕೆಯಿಲ್ಲವೆಂದು ಪಾದ್ರಿಗೆ ಬರೆದು ಕೇಳಿದನು. ಉತ್ತರಕ್ಕೆ ಬದಲಾಗಿ ಪಾಠ ಹೇಳುವ ಕೆಲಸ ಹೋಯಿತು. ಸ್ವಲ್ಪ ಕಾಲದಲ್ಲಿ ಮನೆಯೂ ಹೋಯಿತು. ಹದಿನಾರರ ಆಸುಪಾಸಿನ ಆ ಹುಡುಗನಿಗೆ ಆಶ್ರಯ ಕೊಟ್ಟವಳು ರಿಚರ್ಡ್ ಕಾರ್ಲೈಲ್ ಎಂಬ ಸ್ವತಂತ್ರ ವಿಚಾರವಾದಿಯ ಬಾಳಸಂಗಾತಿಯಾಗಿದ್ದ ಬಡ ಹೆಂಗಸು. ಬ್ರಾಡ್ಲಾನ ಜೀವನಚರಿತ್ರೆಯನ್ನು ಹೇಳುವವರು ಅವನ ಪಾರ್ಲಿಮೆಂಟಿನ ಹೋರಾಟಕ್ಕೆ ಪುಟಗಟ್ಟಲೆ ಮೀಸಲಿಡುತ್ತಾರೆ, ಈ ಹೆಂಗಸಿಗೆ ಒಂದೆರಡು ವಾಕ್ಯ. ನಮ್ಮ ಲೆಕ್ಕದಲ್ಲಿ ಇದು ತಿರುವುಮುರುವಾಗಿರಬೇಕು. ಅಂದು ಆ ಬಾಗಿಲು ತೆರೆಯದಿದ್ದರೆ ಅವನು ಪಾದ್ರಿಯ ಬಳಿಗೆ ಮರಳಿ ಹೋಗಿ ಕ್ಷಮೆ ಕೇಳುತ್ತಿದ್ದನೋ ಏನೋ, ಹೇಳಬಲ್ಲವರು ಯಾರು!

ಅವನು 1866ರಲ್ಲಿ ರಾಷ್ಟ್ರೀಯ ಸೆಕ್ಯುಲರ್ ಸಂಘವನ್ನು ಸ್ಥಾಪಿಸಿದನು. 1880ರಲ್ಲಿ ನಾರ್ತಾಂಪ್ಟನ್ ಕ್ಷೇತ್ರದಿಂದ ಗೆದ್ದರೂ ದೇವರ ಹೆಸರಿನ ಪ್ರಮಾಣವಚನದ ತೊಡಕಿನಿಂದ ಪಾರ್ಲಿಮೆಂಟು ಅವನನ್ನು ಒಳಗೆ ಸೇರಿಸಲಿಲ್ಲ. ಒಂದು ರಾತ್ರಿ ಗಡಿಯಾರದ ಗೋಪುರದಲ್ಲಿ ಸೆರೆಯಿಟ್ಟರು. ಮತದಾರರು ಮತ್ತೆ ಮತ್ತೆ ಅವನನ್ನೇ ಆರಿಸಿ ಕಳುಹಿಸಿದರು. 1886ರಲ್ಲಿ ಕೊನೆಗೆ ಸ್ಥಾನ ಸಿಕ್ಕಿತು. 1888ರಲ್ಲಿ ದೇವರ ಹೆಸರೆತ್ತದೆ ದೃಢವಚನ ಕೊಡುವ ಹಕ್ಕನ್ನು ಕಾಯಿದೆಯಾಗಿ ಮಾಡಿಸಿದನು. ಇದು ದೊಡ್ಡ ವಿಜಯ. 1891ರ ಜನವರಿ 30ರಂದು ಅವನು ತೀರಿಕೊಂಡನು. ನಾಸ್ತಿಕರು ಸಾಯುವಾಗ ಪಶ್ಚಾತ್ತಾಪಪಟ್ಟರೆಂಬ ಕಥೆಗಳು ಆ ಕಾಲದಲ್ಲಿ ಬೇಗ ಹುಟ್ಟುತ್ತಿದ್ದವು. ಅದನ್ನು ಬಲ್ಲ ಮಗಳು, ರೋಗಶಯ್ಯೆಯ ಬಳಿ ಇದ್ದವರಿಂದ, ಆತನು ಮತದ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲವೆಂದು ಬರಹದಲ್ಲಿ ಸಹಿ ತೆಗೆದುಕೊಂಡಳು. ತಂದೆಯ ದುಃಖದ ನಡುವೆ ಮಗಳು ಸಾಕ್ಷಿಪತ್ರ ಬರೆಯಿಸಿಕೊಳ್ಳಬೇಕಾಗಿ ಬಂದಿತಲ್ಲ! ಬ್ರುಕ್‌ವುಡ್ಡಿನ ಸ್ಮಶಾನಕ್ಕೆ ಸುಮಾರು 3,000 ಜನ ಹೋದರು. ಸಮಾಧಿಯ ಬಳಿ ಯಾರೂ ಮಾತನಾಡಕೂಡದೆಂದು ಅವನೇ ಉಯಿಲಿನಲ್ಲಿ ಬರೆದಿದ್ದನು. ಯಾರೂ ಮಾತನಾಡಲಿಲ್ಲ. ಇಂಗ್ಲೆಂಡಿನಲ್ಲಿಯೇ ಅತ್ಯಂತ ದೊಡ್ಡ ಕಂಠದ ವಾಗ್ಮಿಯೆಂದು ಹೆಸರಾದವನನ್ನು ಮೌನದಲ್ಲಿ ಹೂಳಿದರು. ಆ ಗುಂಪಿನಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಗುಜರಾತಿ ತರುಣನೊಬ್ಬನಿದ್ದನು. ಮೋಹನದಾಸ ಗಾಂಧಿ ಎಂದು ಅವನ ಹೆಸರು. ಅವರನ್ನು ಇನ್ನೊಮ್ಮೆ ಕಾಣುವೆವು.

ಮೌನವನ್ನೇ ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ಹೋಲಿಯೋಕನ ತಮ್ಮ ಆಸ್ಟಿನ್ ಹೋಲಿಯೋಕನು ಚಾರ್ಲ್ಸ್ ವಾಟ್ಸ್ ಎಂಬವನೊಡಗೂಡಿ ಸೆಕ್ಯುಲರಿಸ್ಟರಿಗೆ ಬೇಕಾದ ಹಾಡುಗಳನ್ನೂ ನಾಮಕರಣ, ಶವಸಂಸ್ಕಾರ ಮುಂತಾದುವುಗಳಲ್ಲಿ ಓದತಕ್ಕ ಮಾತುಗಳನ್ನೂ ಒಂದು ಕೈಪಿಡಿಯಾಗಿ ಪ್ರಕಟಿಸಿದನು. 1876ರಲ್ಲಿ ಇಂಥದೇ ಒಂದು ಹಾಡಿನ ಪುಸ್ತಕವನ್ನು ಸಂಪಾದಿಸಿಕೊಟ್ಟವರು ಅನಿ ಬೆಸೆಂಟ್ ಅಮ್ಮನವರು. ಅಡ್ಯಾರಿನ ಬ್ರಹ್ಮವಿದ್ಯಾ ಸಮಾಜದ ಅಧ್ಯಕ್ಷಿಣಿಯೆಂದು ಅವರನ್ನು ಬಲ್ಲ ನಮ್ಮವರಿಗೆ ಇದು ಆಶ್ಚರ್ಯವಾಗಬಹುದು. 1889ಕ್ಕೆ ಮುಂಚೆ ಅವರು ಬ್ರಾಡ್ಲಾನ ಬಲಗೈಯಾಗಿದ್ದರು.

ಹಾಡು ಬಂದಿತು, ಹೇಳುವ ಮಾತು ಬಂದಿತು. ಕೂಡುವ ಜಾಗ ಬೇಕು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಗೆಹರಿಸಿಕೊಂಡವರು ಲೆಸ್ಟರ್ ಊರಿನ ಜನ. ಅದು ಕಾಲುಚೀಲ ನೇಯುವವರ, ಜೋಡು ಹೊಲಿಯುವವರ ಪಟ್ಟಣ. 1870ರ ದಶಕದ ಆರಂಭದಲ್ಲಿ ಹೋಲಿಯೋಕನ ಉಪನ್ಯಾಸಕ್ಕೆ ಊರಿನ ಒಂದು ಸಭಾಂಗಣವನ್ನು ಬಾಡಿಗೆಗೆ ಕೊಡಲು ನಿರಾಕರಿಸಲಾಯಿತು. ನಮ್ಮದೇ ಭವನ ಕಟ್ಟೋಣವೆಂದು ಅಲ್ಲಿಯ ಸೆಕ್ಯುಲರ್ ಸಂಘದವರು ನಿಶ್ಚಯಿಸಿದರು. ಯಂತ್ರ ತಯಾರಿಕೆಯ ಕಾರ್ಖಾನೆಯ ಒಡೆಯ ಜೊಸಾಯ ಗಿಮ್ಸನ್ ಅವರ ಮುಂದಾಳು. ಅವರು ಕಟ್ಟಡಕ್ಕಾಗಿ ಒಂದು ಲಿಮಿಟೆಡ್ ಕಂಪನಿಯನ್ನು ಮಾಡಿಕೊಂಡರು. ಇದು ಬಹಳ ಜಾಣತನದ ಕೆಲಸ. ಕ್ರೈಸ್ತಮತವನ್ನು ಅಲ್ಲಗಳೆಯುವ ಸಂಘಕ್ಕೆ ಉಯಿಲಿನ ಮೂಲಕ ಬಿಟ್ಟ ಆಸ್ತಿ ನಿಲ್ಲುವುದೇ ಎಂಬುದು ಆಗ ಸಂದೇಹಾಸ್ಪದವಾಗಿತ್ತು. ನಿಲ್ಲುತ್ತದೆಂದು ಲಾರ್ಡ್ಸ್ ಸಭೆ ಖಚಿತವಾಗಿ ತೀರ್ಪು ಕೊಟ್ಟದ್ದು 1917ರಲ್ಲಿ. ದೇವರಿಗೆ ಬಿಟ್ಟ ಮಾನ್ಯ ಶತಮಾನಗಳವರೆಗೆ ನಡೆಯುತ್ತದೆ, ಮನುಷ್ಯರಿಗೆ ಬಿಟ್ಟದ್ದಕ್ಕೆ ಕೋರ್ಟಿನ ಮೆಟ್ಟಿಲು!

1881ರ ಮಾರ್ಚ್ 6ನೆಯ ತಾರೀಕು ಭವನದ ಪ್ರಾರಂಭೋತ್ಸವ ನಡೆಯಿತು. ಆ ಸಮಾರಂಭಕ್ಕಾಗಿಯೇ ಕವಿ ಜೇಮ್ಸ್ ಥಾಮ್ಸನ್ ಒಂದು ಪದ್ಯವನ್ನು ಬರೆದನು. ಮುಂಭಾಗದ ಗೋಡೆಯ ಮೇಲೆ ಐದು ಎದೆಮಟ್ಟದ ಪ್ರತಿಮೆಗಳು: ಸಾಕ್ರಟೀಸ್, ಏಸು, ವಾಲ್ಟೇರ್, ಥಾಮಸ್ ಪೇನ್, ರಾಬರ್ಟ್ ಓವೆನ್. ಏಸುವನ್ನು ವಾಲ್ಟೇರನ ಪಕ್ಕದಲ್ಲಿ ಕೂರಿಸಿದ್ದಕ್ಕೆ ಊರಿನಲ್ಲಿ ಕೋಲಾಹಲವಾಯಿತು. ಸಂಘದವರ ಕಣ್ಣಿಗೆ ಆತನು ಮನುಷ್ಯರ ಗುರುಗಳಲ್ಲಿ ಒಬ್ಬ, ಅಷ್ಟೇ. ಪೂಜೆಯನ್ನು ಬಿಟ್ಟರು, ಗೌರವವನ್ನು ಬಿಡಲಿಲ್ಲ. ಇದು ನಮಗೆ ಮೆಚ್ಚಿಕೆಯಾದ ಸಂಗತಿ.

ಒಳಗೆ ಭಾನುವಾರದ ಸಂಜೆಯ ಉಪನ್ಯಾಸ, ಮಕ್ಕಳ ಭಾನುವಾರದ ಶಾಲೆ, ಗ್ರಂಥಾಲಯ, ಸಂಗೀತ. 1884ರ ಜನವರಿಯಲ್ಲಿ ವಿಲಿಯಂ ಮಾರಿಸ್ ಬಂದು ಕಲೆಯನ್ನೂ ಸಮಾಜವಾದವನ್ನೂ ಕುರಿತು ಮಾತನಾಡಿದನು. ಗಿಮ್ಸನ್ನನ ಒಬ್ಬ ಮಗ ಅರ್ನೆಸ್ಟನು ಅಂದು ಮಾರಿಸ್ಸನ ಪರಿಚಯ ಮಾಡಿಕೊಂಡು, ಮುಂದೆ ಪೀಠೋಪಕರಣಗಳ ಶಿಲ್ಪದಲ್ಲಿ ಇಂಗ್ಲೆಂಡಿಗೆಲ್ಲ ಹೆಸರಾದನು. ಇನ್ನೊಬ್ಬ ಮಗ ಸಿಡ್ನಿ ದೀರ್ಘಕಾಲ ಸಂಘವನ್ನು ನಡೆಸಿದನು. ಎಂದರೆ ಅವಿಶ್ವಾಸವೂ ತಂದೆಯಿಂದ ಮಗನಿಗೆ ಇಳಿಯುವ ಮನೆತನದ ಸೊತ್ತಾಗಬಲ್ಲದು, ಅದಕ್ಕೊಂದು ಮನೆಯಿದ್ದರೆ. ಶತಮಾನದ ಕೊನೆಯಲ್ಲಿ ಫ್ರೆಡರಿಕ್ ಜೇಮ್ಸ್ ಗೂಲ್ಡ್ ಎಂಬ ಉಪಾಧ್ಯಾಯನು ಕಾರ್ಯದರ್ಶಿಯಾಗಿ ಬಂದನು. ಮಕ್ಕಳಿಗೆ ದೇವರ ಭಯವಿಲ್ಲದೆ ನೀತಿಯನ್ನು ಕಥೆಗಳಿಂದ ಕಲಿಸುವುದು ಅವನ ವ್ರತ. ಖಂಡನೆಯ ಉಪನ್ಯಾಸಗಳು ಸಾಕು, ಹಬ್ಬಗಳು ಬೇಕು, ಮಹನೀಯರ ಸ್ಮರಣೆ ಬೇಕು ಎಂದು ಅವನ ಪಕ್ಷ. ಹಾಗೆ ಮಾಡಿದರೆ ಇದೂ ಒಂದು ಚರ್ಚಾಗುತ್ತದೆಂದು ಹಳಬರ ಪಕ್ಷ. 1908ರಲ್ಲಿ ಅವನು ಸಂಘವನ್ನು ಬಿಟ್ಟು ಬೇರೊಂದನ್ನು ಸ್ಥಾಪಿಸಿದನು. 1913ರಲ್ಲಿ ನೀತಿಪಾಠದ ಮಾದರಿಗಳನ್ನು ತೋರಿಸಲು ಮುಂಬಯಿ ಪ್ರಾಂತ್ಯಕ್ಕೂ ಬಂದಿದ್ದನು. ನಮ್ಮ ದೇಶದ ಕಥೆಗಳನ್ನೇ ಆಧರಿಸಿದ ಪಾಠಪುಸ್ತಕವೊಂದನ್ನು ಅದಕ್ಕೆ ಮುಂಚೆಯೇ ಬರೆದಿದ್ದನು. ಲೆಸ್ಟರಿನ ಆ ಭವನ ಇಂದಿಗೂ ಹಂಬರ್‌ಸ್ಟನ್ ಗೇಟಿನಲ್ಲಿ ನಿಂತಿದೆ, ಸಂಘವೂ ಉಳಿದಿದೆ.

ಗೂಲ್ಡನಿಗೂ ಹಳಬರಿಗೂ ನಡೆದ ಜಗಳ ಲೆಸ್ಟರಿನದು ಮಾತ್ರವಲ್ಲ. ಫ್ರಾನ್ಸಿನ ಆಗಸ್ಟ್ ಕೋಂಟನು ದೇವರ ಜಾಗದಲ್ಲಿ ಮಾನವಕುಲವನ್ನು ಕೂರಿಸಿ, ಪುರೋಹಿತರನ್ನು ನೇಮಿಸಿ, 28 ದಿನಗಳ 13 ತಿಂಗಳುಳ್ಳ ಪಂಚಾಂಗವನ್ನೇ ಬರೆದುಬಿಟ್ಟಿದ್ದನು. ಒಬ್ಬ ಮನುಷ್ಯನು ಮೇಜಿನ ಮುಂದೆ ಕುಳಿತು ಬರೆದ ಹಬ್ಬಗಳನ್ನು ಊರು ಆಚರಿಸಲಿಲ್ಲ. ಬ್ರೆಜಿಲ್ ದೇಶದ ಬಾವುಟದ ಮೇಲೆ ಅವನ ಸೂತ್ರದ ಎರಡು ಪದಗಳು ಉಳಿದಿವೆ.

ಇನ್ನೊಂದು ದಾರಿ ಇದ್ದ ಗುಡಿಯನ್ನೇ ಒಳಗಿನಿಂದ ಬದಲಿಸುವುದು. ಲಂಡನ್ನಿನ ಸೌತ್ ಪ್ಲೇಸ್ ಎಂಬ ಭಜನಾಮಂದಿರದ ಸಭೆ 1793ರಲ್ಲಿ ಕ್ರೈಸ್ತರ ಒಂದು ಒಡಕು ಪಂಗಡವಾಗಿ ಹುಟ್ಟಿತು. ನರಕದ ಶಾಶ್ವತ ಶಿಕ್ಷೆಯನ್ನು ಮೊದಲು ಬಿಟ್ಟರು, ತ್ರಿತ್ವವನ್ನು ಬಿಟ್ಟರು. 1864ರಲ್ಲಿ ಬೋಧಕನಾಗಿ ಬಂದ ಅಮೆರಿಕದ ಮಾಂಕ್ಯೂರ್ ಕಾನ್ವೆಯ ಕಾಲಕ್ಕೆ ಪ್ರಾರ್ಥನೆಯೂ ಹೋಯಿತು. ಈ ಕಾನ್ವೆಯು ಗುಲಾಮರನ್ನಿಟ್ಟುಕೊಂಡಿದ್ದ ವರ್ಜೀನಿಯದ ಮನೆತನದವನು. ಅಂತರ್ಯುದ್ಧದ ನಡುವೆ ತಂದೆಯ ಮನೆಯಿಂದ ತಪ್ಪಿಸಿಕೊಂಡು ಬಂದ ಸುಮಾರು 30 ಗುಲಾಮರನ್ನು ತಾನೇ ಒಹಾಯೊ ಪ್ರಾಂತ್ಯಕ್ಕೆ ಕರೆದೊಯ್ದು ನೆಲೆಗೊಳಿಸಿದ್ದವನು. ಒಂದೊಂದಾಗಿ ನಂಬಿಕೆಗಳು ಕಳಚಿದರೂ ಭಾನುವಾರ ಜನ ಕೂಡುವುದು ನಿಲ್ಲಲಿಲ್ಲ. 1887ರಲ್ಲಿ ಭಾನುವಾರದ ಸಂಗೀತ ಕಚೇರಿಗಳನ್ನು ಆರಂಭಿಸಿದರು. 1929ರಲ್ಲಿ ಕಟ್ಟಿದ ಕಾನ್ವೆ ಹಾಲ್ ಎಂಬ ಹೊಸ ಭವನದಲ್ಲಿ ಅವು ಈಗಲೂ ನಡೆಯುತ್ತಿವೆ.

ಅಮೆರಿಕದಲ್ಲಿ ಇದೇ ಕೆಲಸವನ್ನು ಮಾಡಿದವನು ಫೀಲಿಕ್ಸ್ ಆಡ್ಲರ್. ನ್ಯೂಯಾರ್ಕಿನ ದೊಡ್ಡ ಯೆಹೂದ್ಯ ಮಂದಿರದ ಧರ್ಮಗುರುವಿನ ಮಗ. ತಂದೆಯ ಪೀಠಕ್ಕೆ ಬರಬೇಕಾದವನು. 1873ರಲ್ಲಿ ಅವನು ಮಾಡಿದ ಉಪದೇಶದಲ್ಲಿ ದೇವರ ಹೆಸರೇ ಬರಲಿಲ್ಲವೆಂದು ಹಿರಿಯರು ಗಮನಿಸಿದರು, ಪೀಠ ತಪ್ಪಿತು. 1876ರಲ್ಲಿ ಅವನು ನೈತಿಕ ಸಂಸ್ಕೃತಿಯ ಸಂಘವನ್ನು ಸ್ಥಾಪಿಸಿದನು. ಮತದ ವಿಷಯದಲ್ಲಿ ಭೇದವಿರಲಿ, ಕೃತಿಯಲ್ಲಿ ಐಕ್ಯವಿರಲಿ ಎಂಬುದು ಅವನ ಬೋಧೆ. ಎರಡು ವರ್ಷದೊಳಗೆ ಬಡವರ ಮಕ್ಕಳಿಗೆ ಉಚಿತವಾದ ಶಿಶುವಿಹಾರ ತೆರೆಯಿತು. ಅವನ ಶಿಷ್ಯ ಸ್ಟಾಂಟನ್ ಕಾಯಿಟ್ 1888ರಲ್ಲಿ ಲಂಡನ್ನಿಗೆ ಬಂದು ಸೌತ್ ಪ್ಲೇಸಿನ ಹೊಣೆ ಹೊತ್ತನು, ಆಮೇಲೆ ಬೇಸ್‌ವಾಟರಿನಲ್ಲಿ ಹಳೆಯ ಮೆಥಡಿಸ್ಟ್ ಚರ್ಚೊಂದನ್ನು ಕೊಂಡು 1909ರಲ್ಲಿ ನೈತಿಕ ಚರ್ಚು ಎಂಬ ಹೆಸರಿಟ್ಟು ನಡೆಸಿದನು. ಅಲ್ಲಿ ವೇದಿಕೆ ಇತ್ತು, ಗಾನವಿತ್ತು, ಗಂಭೀರವಾದ ವಿಧಿಗಳಿದ್ದವು. ಅವನು ತೀರಿಕೊಂಡ ಕೆಲವು ವರ್ಷಕ್ಕೆ, 1950ರ ದಶಕದಲ್ಲಿ, ಕಟ್ಟಡವನ್ನು ರೋಮನ್ ಕ್ಯಾಥೊಲಿಕರು ಕೊಂಡರು. ಈಗ ಅಲ್ಲಿ ದೇವಮಾತೆಯ ಪೂಜೆ ನಡೆಯುತ್ತಿದೆ. ವಿಧಿಯ ವಿನೋದವೆನ್ನೋಣವೆಂದರೆ ಈ ಜನ ವಿಧಿಯನ್ನೂ ನಂಬಿದವರಲ್ಲ!

ಚರ್ಚನ್ನು ಹೋಲುವುದಕ್ಕೆ ಹೋದವರು ಅಳಿದರು, ಹೋಲುವುದೇ ಬೇಡವೆಂದವರು ಮೌನಕ್ಕೆ ಬಿದ್ದರು ಎಂದು ಹೇಳಿಬಿಡಬಹುದು. ನಾರ್ವೆಯ ಸಂಗತಿಯನ್ನು ನೋಡಿದರೆ ಅದು ಆತುರದ ತೀರ್ಪೆಂದು ತಿಳಿಯುತ್ತದೆ. ಅಲ್ಲಿ ಹದಿನಾಲ್ಕು ಹದಿನೈದು ವರ್ಷದ ಮಕ್ಕಳಿಗೆ ಚರ್ಚಿನಲ್ಲಿ ದೀಕ್ಷೆ ಕೊಡುವುದು ಮನೆಮನೆಯ ಹಬ್ಬ. ಚರ್ಚನ್ನು ಬಿಟ್ಟವರ ಮಕ್ಕಳಿಗೆ ಆ ದಿನ ಹೊಸ ಬಟ್ಟೆಯೂ ಇಲ್ಲ, ನೆಂಟರೂ ಇಲ್ಲ. 1951ರಲ್ಲಿ ಕೆಲವರು ಕೂಡಿ ಆ ಮಕ್ಕಳಿಗೆ ಕೆಲವು ವಾರಗಳ ಪಾಠವನ್ನೂ ಕೊನೆಗೊಂದು ಸಮಾರಂಭವನ್ನೂ ಏರ್ಪಡಿಸಿದರು. ಅದರಿಂದ 1956ರಲ್ಲಿ ಹುಟ್ಟಿದ ಮಾನವತಾವಾದಿಗಳ ಸಂಘಕ್ಕೆ ಆ ಚಿಕ್ಕ ದೇಶದಲ್ಲಿ ಇಂದು ಲಕ್ಷಕ್ಕೆ ಮೀರಿದ ಸದಸ್ಯರಿದ್ದಾರೆ. ಅವರು ಹೊರಟದ್ದು ಸಿದ್ಧಾಂತದಿಂದಲ್ಲ, ಮಕ್ಕಳಿಗೆ ತಪ್ಪಿದ ಹಬ್ಬದಿಂದ.

ಇನ್ನು ನಮ್ಮ ದೇಶ. ಇಲ್ಲಿ ಮತವನ್ನು ಬಿಡುವುದೆಂದರೆ ಜಾತಿಯನ್ನು ಬಿಡುವುದು. ಜಾತಿ ಬಿಟ್ಟವನಿಗೆ ಹೆಣ್ಣು ಕೊಡುವವರಾರು, ಹೆಣಕ್ಕೆ ಹೆಗಲು ಕೊಡುವವರಾರು? ಬ್ರಹ್ಮಸಮಾಜದವರ ಒತ್ತಾಯದಿಂದ 1872ರಲ್ಲಿ ಒಂದು ಸಿವಿಲ್ ಮದುವೆಯ ಕಾಯಿದೆ ಬಂದಿತು. ಅದರ ಮೇರೆಗೆ ಮದುವೆಯಾಗುವ ವಧೂವರರು, ತಾವು ಹಿಂದೂ ಅಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ, ಪಾರಸಿಗಳಲ್ಲ, ಬೌದ್ಧರಲ್ಲ, ಸಿಖ್ಖರಲ್ಲ, ಜೈನರಲ್ಲ ಎಂದು ಸಹಿಮಾಡಬೇಕು. ಮದುವೆಯ ಮನೆಯಲ್ಲಿ ಆಡಬೇಕಾದ ಮೊದಲ ಮಾತೇ ಅಲ್ಲ, ಅಲ್ಲ, ಅಲ್ಲ! 1923ರಲ್ಲಿ ಇದನ್ನು ಸ್ವಲ್ಪ ಸಡಿಲಿಸಿದರು. 1954ರ ಕಾಯಿದೆಯಲ್ಲಿ ಈ ನಿಬಂಧನೆ ಪೂರ್ತಿ ಹೋಯಿತು.

ಕಾಯಿದೆಗೆ ಕಾಯದೆ ನಡೆದವರು ತಮಿಳುನಾಡಿನವರು. ಪೆರಿಯಾರ್ ರಾಮಸ್ವಾಮಿಯವರ ಸ್ವಾಭಿಮಾನ ಚಳವಳಿಯಲ್ಲಿ 1928ರಿಂದ ಪುರೋಹಿತನೂ ಅಗ್ನಿಯೂ ಇಲ್ಲದೆ, ಹಾರ ಬದಲಾಯಿಸಿಕೊಂಡು ನೆರೆದವರ ಮುಂದೆ ಮಾತು ಕೊಡುವ ಮದುವೆಗಳು ನಡೆದವು. ಇಂಥ ಮದುವೆ ಸಿಂಧುವಲ್ಲವೆಂದು 1953ರಲ್ಲಿ ಮದರಾಸು ಹೈಕೋರ್ಟು ತೀರ್ಮಾನಿಸಿದಾಗ, ಹಾಗೆ ಮದುವೆಯಾಗಿ ಮಕ್ಕಳನ್ನು ಪಡೆದಿದ್ದ ಸಂಸಾರಗಳ ಎದೆ ಹೇಗೆ ಹಾರಿರಬೇಕು! ಅಣ್ಣಾದುರೈಯವರ ಸರ್ಕಾರ 1967ರಲ್ಲಿ ಶಾಸನ ಮಾಡಿ, ಹಿಂದೆ ಆಗಿದ್ದವುಗಳನ್ನೂ ಸೇರಿಸಿ ಆ ಮದುವೆಗಳನ್ನು ಊರ್ಜಿತಗೊಳಿಸಿತು. ಕನ್ನಡ ನಾಡಿನಲ್ಲಿ ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದ ಕ್ರಮ ವಾಚಕರಿಗೆ ತಿಳಿದದ್ದೇ. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ಆ ಕ್ರಮದಲ್ಲಿ ನಡೆಯಿತು. ಅದು ನಾಸ್ತಿಕರ ವಿಧಿಯಲ್ಲ. ಉಪನಿಷತ್ತಿನ ಮಾತುಗಳು ಅದರಲ್ಲಿವೆ. ಆದರೆ ಪುರೋಹಿತನಿಲ್ಲದೆ, ದುಂದಿಲ್ಲದೆ, ಮೌನವೂ ಇಲ್ಲದೆ ಮದುವೆ ಮಾಡಬಹುದೆಂಬುದನ್ನು ಕನ್ನಡದಲ್ಲಿಯೇ ತೋರಿಸಿತು.

ಎಲ್ಲಕ್ಕಿಂತ ಹತ್ತಿರವಾಗಿ ನಮ್ಮ ಪ್ರಶ್ನೆಯನ್ನು ಬಾಳಿದವರು ಆಂಧ್ರದ ಗೋರಾ ಅವರು. 1902ರಲ್ಲಿ ಹುಟ್ಟಿದ ಗೋಪರಾಜು ರಾಮಚಂದ್ರರಾಯರು ಸಸ್ಯಶಾಸ್ತ್ರದ ಉಪನ್ಯಾಸಕರು. ನಿರೀಶ್ವರವಾದಕ್ಕಾಗಿ ಎರಡು ಕಾಲೇಜುಗಳಲ್ಲಿ ಕೆಲಸ ಕಳೆದುಕೊಂಡವರು. ನಾವೂ ಅದೇ ವೃತ್ತಿಯವರಾದುದರಿಂದ ತಿಂಗಳ ಸಂಬಳ ನಿಂತರೆ ಏನಾಗುವುದೆಂಬುದನ್ನು ಬಲ್ಲೆವು. 1940ರಲ್ಲಿ ಪತ್ನಿ ಸರಸ್ವತಿಯವರೊಡನೆ ಮುದುನೂರೆಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನು ತೆರೆದರು; 1947ರಲ್ಲಿ ಅದು ವಿಜಯವಾಡಕ್ಕೆ ಬಂದಿತು. ಮಕ್ಕಳ ಹೆಸರುಗಳಲ್ಲಿಯೂ ದೇವರಿಲ್ಲ: ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಹುಟ್ಟಿದವನು ಲವಣಂ, ಮಹಾಯುದ್ಧದ ಕಾಲದವನು ಸಮರಂ. ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವ ಊಟಕ್ಕೆ ಹುಣ್ಣಿಮೆಯನ್ನು ಆರಿಸಿದರು. ಹುಣ್ಣಿಮೆಗೆ ಪುರಾಣ ಬೇಕಿಲ್ಲ, ಬೆಳಕು ಸಾಕು.

ಗೋರಾ ಅವರು ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯವರೊಡನೆ ಹಲವು ಸಲ ಮಾತನಾಡಿದರು. ದೇವರೇ ಸತ್ಯವೆನ್ನುತ್ತಿದ್ದ ಗಾಂಧೀಜಿ ಅಷ್ಟರಲ್ಲಿ ಸತ್ಯವೇ ದೇವರೆಂದು ಹೇಳುತ್ತಿದ್ದರು. ತಮ್ಮ ಹಿರಿಯ ಮಗಳನ್ನು ಅಸ್ಪೃಶ್ಯರೆನಿಸಿಕೊಂಡ ಕುಲದ ತರುಣನಿಗೆ ಕೊಡಲು ಗೋರಾ ನಿಶ್ಚಯಿಸಿದಾಗ, ಮದುವೆ ತಮ್ಮ ಆಶ್ರಮದಲ್ಲಿಯೇ ಆಗಲೆಂದು ಗಾಂಧೀಜಿ ಒಪ್ಪಿದರು. ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರನ್ನು ಹೇಳಬಹುದೆಂಬುದಕ್ಕೂ ಒಪ್ಪಿದರು. ಬ್ರುಕ್‌ವುಡ್ಡಿನ ಮೌನದಲ್ಲಿ ನಿಂತಿದ್ದ ತರುಣನು ಐವತ್ತಕ್ಕೂ ಹೆಚ್ಚು ವರ್ಷದ ಮೇಲೆ ನಾಸ್ತಿಕನೊಬ್ಬನ ಮಗಳಿಗೆ ಆಡತಕ್ಕ ಮಾತನ್ನು ಒದಗಿಸಿಕೊಟ್ಟನು. 1948ರ ಜನವರಿ 30ರಂದು, ಬ್ರಾಡ್ಲಾ ತೀರಿಕೊಂಡ ತಾರೀಕಿನಂದೇ, ಗಾಂಧೀಜಿ ಹತರಾದರು. ಮದುವೆ ನಿಲ್ಲಲಿಲ್ಲ. ಮಾರ್ಚ್ ತಿಂಗಳಲ್ಲಿ, ಅವರಿಲ್ಲದ ಸೇವಾಗ್ರಾಮದಲ್ಲಿ, ಒಪ್ಪಿದ್ದ ಮಾತಿನಂತೆಯೇ ನಡೆಯಿತು.

ನಮ್ಮ ಅಧ್ಯಾಪಕರ ವಿಷಯಕ್ಕೆ ಒಂದು ಮಾತು ಉಳಿದಿದೆ. ಅವರು ತೀರಿಕೊಂಡ ಹದಿಮೂರನೆಯ ದಿನ, ಸಂಪ್ರದಾಯದವರ ಮನೆಯಲ್ಲಾದರೆ ವೈಕುಂಠ ಸಮಾರಾಧನೆ ನಡೆಯಬೇಕಾದ ದಿನ, ಯಾರೂ ಕರೆಯದೆ ಹತ್ತಾರು ಶಿಷ್ಯರು ಅವರ ಮನೆಗೆ ಬಂದರು. ಸೊಸೆ ಕಾಫಿ ಮಾಡಿಕೊಟ್ಟರು. ಒಬ್ಬರು ತಮ್ಮ ಹಳೆಯ ನೋಟುಪುಸ್ತಕದಲ್ಲಿ ಗುರುಗಳು ಕೆಂಪು ಶಾಯಿಯಲ್ಲಿ ಬರೆದಿದ್ದ ಬೈಗುಳವನ್ನು ಓದಿದರು. ಎಲ್ಲರೂ ನಕ್ಕರು, ಹಿರಿಯ ಮಗನು ಅತ್ತನು. ರಾತ್ರಿ ಒಂಬತ್ತಾಯಿತು. ಹೊರಡುವಾಗ ಬಾಗಿಲಲ್ಲಿ ಯಾರೋ, ಮುಂದಿನ ವರ್ಷವೂ ಇದೇ ದಿನ ಸೇರೋಣವೇ ಎಂದರು. ಅಂದಿನಿಂದ ಪ್ರತಿವರ್ಷವೂ ಸೇರುತ್ತಿದ್ದೇವೆ. ಹೋದ ವರ್ಷ ಹದಿನಾಲ್ಕು ಜನವಿದ್ದೆವು. ಹಾಡು ಹೇಳುವವರು ಇನ್ನೂ ಯಾರೂ ಸಿಕ್ಕಿಲ್ಲ.